ಬೆಟ್ಟಕ್ಕೆ ಹಿಡಿದ ಕರಣೆ: ಕಫಿನ್ ವಿಲಿಯಮ್ಸ್ ಎಂಬ ಒಂದು ಪ್ರಕರಣ

1941ನೇ ಇಸವಿ. ಎರಡನೇ ಮಹಾಯುದ್ಧ ಜೋರಾಗಿ ನಡೆಯುತ್ತಿದ್ದ ಕಾಲ. ಬ್ರಿಟನ್ನಿನ ವೇಲ್ಸ್ ನಾಡಿನ ಒಬ್ಬ ತರುಣ ಸೇನಾಧಿಕಾರಿಗೆ ವೈದ್ಯಕೀಯ ತಪಾಸಣೆಯಾಯಿತು. ಅವರಿಗೆ ಮೂರ್ಛೆ ರೋಗ ಇತ್ತು. ಸೇನೆಯಲ್ಲಿ ಮುಂದುವರಿಯುವ ಹಾಗಿರಲಿಲ್ಲ. ಆಗ ವೈದ್ಯರು ಒಂದು ಮಾತು ಹೇಳಿದರು. "ನೀವು ಹೇಗೂ ಎಲ್ಲರಂತೆ ಸಹಜವಾಗಿ ಇರುವವರಲ್ಲ. ಚಿತ್ರಕಲೆ ಹಿಡಿದರೆ ಒಳ್ಳೆಯದು" ಎಂಬ ಅರ್ಥದ ಮಾತು. ಆ ತರುಣನ ಹೆಸರು ಜಾನ್ ಕಫಿನ್ ವಿಲಿಯಮ್ಸ್. ಮುಂದಿನ 60 ವರ್ಷಕ್ಕೂ ಹೆಚ್ಚು ಕಾಲ ಅವರು ತಮ್ಮ ಊರ ಕಡೆಯ ಬೆಟ್ಟಗಳನ್ನು ತೈಲವರ್ಣದಲ್ಲಿ ಬಿಡಿಸುತ್ತಲೇ ಇದ್ದರು. 20ನೇ ಶತಮಾನದ ವೇಲ್ಸ್‌ನ ಭೂದೃಶ್ಯ ಅಂದ ಕೂಡಲೇ ಇವತ್ತು ಬಹಳ ಜನರ ಕಣ್ಣಿಗೆ ಬರುವುದು ಅವರ ಬೆಟ್ಟಗಳೇ.

ಈ ಕಥೆಯನ್ನು ಸಾಮಾನ್ಯವಾಗಿ ಹೇಳುವ ರೀತಿ ಒಂದಿದೆ. ಕಾಯಿಲೆ ಬಂತು, ಕಾಯಿಲೆಯಿಂದ ಕಲೆ ಹುಟ್ಟಿತು, ನೋಡಿ ಎಂಥ ವಿಚಿತ್ರ ಅಂತ. ನನಗೆ ಅದು ಸರಿ ಕಾಣುವುದಿಲ್ಲ. ಯಾಕೆ ಅಂತ ಹೇಳಲಿಕ್ಕೇ ಈ ಬರಹ.

ಮೊದಲು ನನ್ನ ಕಡೆಯ ಮಾತು. ನಮ್ಮ ಸೋದರಮಾವನಿಗೂ ಮೂರ್ಛೆ ಬರುತ್ತಿತ್ತು. ಬಂದಾಗ ಯಾರಾದರೂ ಓಡಿ ಬಂದು ಕೈಗೆ ಕಬ್ಬಿಣದ ಬೀಗದ ಕೈ ಕೊಡುತ್ತಿದ್ದರು. ಅದರಿಂದ ಏನೂ ಉಪಯೋಗವಿಲ್ಲ, ಮಗ್ಗುಲಿಗೆ ಮಲಗಿಸಿ ಸುತ್ತಲಿನ ವಸ್ತುಗಳನ್ನು ದೂರ ಸರಿಸಬೇಕು ಅನ್ನುವುದು ಆಗ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ ಅವನನ್ನು ಬಾವಿ ಹತ್ತಿರ ಬಿಡುತ್ತಿರಲಿಲ್ಲ. ಒಲೆ ಹತ್ತಿರ ಬಿಡುತ್ತಿರಲಿಲ್ಲ. ಸೈಕಲ್ ಹತ್ತಲು ಬಿಡುತ್ತಿರಲಿಲ್ಲ. ಏನು ಮಾಡಬಾರದು ಅನ್ನುವ ಪಟ್ಟಿ ಉದ್ದ ಇತ್ತು. ಏನು ಮಾಡಬಹುದು ಅಂತ ಯಾರೂ ಹೇಳಲಿಲ್ಲ. ಕಫಿನ್‌ಗೆ ವೈದ್ಯರು ಹೇಳಿದ ಮಾತು ಓದಿದಾಗ ನನಗೆ ಮೊದಲು ಸಿಟ್ಟು ಬಂತು. ಹಾಗೆಲ್ಲ ಒಬ್ಬ ರೋಗಿಯ ಮುಖಕ್ಕೆ ಹೇಳುತ್ತಾರಾ? ಆಮೇಲೆ ಗಮನಿಸಿದೆ. ಆ ಮಾತಿಗೆ ಎರಡು ಅರ್ಧ ಇದೆ. ನಮ್ಮ ಮಾವನಿಗೆ ಮೊದಲನೇ ಅರ್ಧ ಮಾತ್ರ ಸಿಕ್ಕಿತ್ತು.

ಕಾಯಿಲೆಗೆ ಮುಂಚೆ ಏನಿತ್ತು

ಕಫಿನ್ ಹುಟ್ಟಿದ್ದು 1918ರ ಮೇ 9ರಂದು, ಆಂಗಲ್‌ಸಿ ದ್ವೀಪದ ಲಾಂಗೆವ್ನಿ ಪಟ್ಟಣದಲ್ಲಿ. ತಂದೆ ಬ್ಯಾಂಕ್ ಮ್ಯಾನೇಜರ್. ಆಂಗಲ್‌ಸಿ ಹೆಚ್ಚು ಏರಿಳಿತ ಇಲ್ಲದ ನೆಲ. ಆದರೆ ಮೆನಾಯ್ ಅನ್ನುವ ಕಿರಿದಾದ ಜಲಸಂಧಿಯ ಆಚೆ ದಡದಲ್ಲಿ ಸ್ನೋಡೋನಿಯಾ ಬೆಟ್ಟಸಾಲು ಗೋಡೆಯ ಹಾಗೆ ಎದ್ದು ನಿಂತಿದೆ. ವೆಲ್ಶ್ ಭಾಷೆಯಲ್ಲಿ ಅದರ ಹೆಸರು ಎರರಿ. ಅದರ ತುದಿ ಸ್ನೋಡನ್, 1,085 ಮೀಟರ್. ನಮ್ಮ ಮುಳ್ಳಯ್ಯನಗಿರಿಗೆ ಹೋಲಿಸಿದರೆ ಎತ್ತರ ಬಹಳ ಕಡಿಮೆ. ಆದರೆ ಅಲ್ಲಿ ಬೆಟ್ಟ ಏಳುವುದು ಸಮುದ್ರದ ಪಕ್ಕದಿಂದಲೇ. ಮೈಮೇಲೆ ಕಾಡಿಲ್ಲ. ಬರೀ ಬಂಡೆ, ಹುಲ್ಲು, ಜರೀಗಿಡ, ನೀರು. ಹಾಗಾಗಿ ಅದರ ಎಲುಬು ಪೂರ್ತಿ ಕಾಣುತ್ತದೆ.

ಶಾಲೆ ಮುಗಿದ ಮೇಲೆ ಕಫಿನ್ ಸೇರಿದ್ದು ಪುಲ್ಹೆಲಿ ಅನ್ನುವ ಊರಿನ ಒಂದು ಕಚೇರಿಗೆ. ದೊಡ್ಡ ಜಮೀನುದಾರರ ಎಸ್ಟೇಟ್‌ಗಳನ್ನು ನೋಡಿಕೊಳ್ಳುವ ಏಜೆಂಟರ ಕಚೇರಿ ಅದು. ಗೇಣಿ, ದುರಸ್ತಿ, ಬೇಲಿ, ಸೋರುವ ಮಾಡು, ಇಂಥವೇ ಅಲ್ಲಿನ ವ್ಯವಹಾರ. ನನ್ನ ಪ್ರಕಾರ ಈ ಪ್ರಕರಣದಲ್ಲಿ ಜನ ಬೇಗ ದಾಟಿ ಹೋಗುವ, ಆದರೆ ದಾಟಬಾರದ ಜಾಗ ಇದು. ಬೆಟ್ಟದ ಮೇಲಿನ ಒಂದು ರೈತನ ಮನೆ ಅಂದರೆ ಏನು ಅಂತ ಅವರು ಚಿತ್ರಗಾರನಾಗುವ ಮುಂಚೆಯೇ ನೋಡಿದ್ದರು. ಪ್ರವಾಸಿಯಾಗಿ ನೋಡಿದ್ದಲ್ಲ, ಕೆಲಸದ ಮೇಲೆ ನೋಡಿದ್ದು. ಆ ಮನೆಗಳಲ್ಲಿ ಹಂಚಿನ ಬದಲು ಸ್ಲೇಟು ಕಲ್ಲಿನ ಮಾಡು. ಒಂದೇ ಸಾಲು ಮನೆ, ಅದಕ್ಕೇ ತಾಗಿ ಕೊಟ್ಟಿಗೆ. ಗಾಳಿಗೆ ಬೆನ್ನು ಕೊಟ್ಟು ತಗ್ಗಾಗಿ ಕೂತಿರುತ್ತವೆ. ಗಾರೆ ಹಾಕದೆ ಬರೀ ಕಲ್ಲಿನ ಮೇಲೆ ಕಲ್ಲು ಜೋಡಿಸಿ ಕಟ್ಟಿದ ಗೋಡೆಗಳು ಗುಡ್ಡವನ್ನು ನೇರವಾಗಿ ಏರಿ ಹೋಗುತ್ತವೆ. ಕುರಿ ಮೇಯುವ ಜಾಗಕ್ಕೆ ಅವೇ ಗಡಿ. ಹಿಂದೆ ಅಲ್ಲಿನ ರೈತರಿಗೆ ಎರಡು ನೆಲೆ ಇರುತ್ತಿತ್ತು. ಚಳಿಗಾಲಕ್ಕೆ ಕೆಳಗಿನ ಮನೆ, ಅದಕ್ಕೆ 'ಹೆಂದ್ರೆ' ಅನ್ನುತ್ತಾರೆ. ಬೇಸಗೆಗೆ ದನಕುರಿ ಹೊಡೆದುಕೊಂಡು ಮೇಲಿನ 'ಹಾವೋದ್'ಗೆ ಹೋಗುವುದು. ಆ ಪದ್ಧತಿ ಹೋಯಿತು. ಅಲ್ಲಿನ ಎಷ್ಟೋ ಊರು, ಮನೆಗಳ ಹೆಸರಿನಲ್ಲಿ ಈ ಎರಡು ಶಬ್ದ ಉಳಿದಿವೆ.

1937ರಲ್ಲಿ ಕಫಿನ್ ರಾಯಲ್ ವೆಲ್ಶ್ ಫ್ಯೂಸಿಲಿಯರ್ಸ್ ಪಡೆಯ 6ನೇ ಬೆಟಾಲಿಯನ್ನಿನಲ್ಲಿ ಅಧಿಕಾರಿಯಾದರು. ಮೂರ್ಛೆ ಬರದಿದ್ದರೆ ಬಹುಶಃ ಯುದ್ಧ ಮುಗಿಸಿ ಬಂದು ಎಸ್ಟೇಟ್ ಏಜೆಂಟರಾಗಿಯೇ ಇರುತ್ತಿದ್ದರು. ಕಾಯಿಲೆ ಮಾಡಿದ್ದು ಇಷ್ಟೇ: ಉಳಿದ ದಾರಿಗಳನ್ನು ಮುಚ್ಚಿತು. ಬೆಟ್ಟವನ್ನು ಅವರ ತಲೆಗೆ ತುಂಬಿದ್ದು ಕಾಯಿಲೆಯಲ್ಲ. ಅದು ಮೊದಲೇ ಅಲ್ಲಿತ್ತು.

ಆಕ್ಸ್‌ಫರ್ಡ್‌ನಲ್ಲಿ ಒಂದು ಪುಸ್ತಕದ ಪುಟ

1941ರಲ್ಲಿ ಅವರು ಸ್ಲೇಡ್ ಕಲಾಶಾಲೆಗೆ ಸೇರಿದರು. ಸ್ಲೇಡ್ ಇರುವುದು ಲಂಡನ್ನಿನಲ್ಲಿ. ಬಾಂಬ್ ದಾಳಿಯ ಭಯದಿಂದ ಯುದ್ಧಕಾಲದಲ್ಲಿ ಅದನ್ನು ಆಕ್ಸ್‌ಫರ್ಡ್‌ಗೆ, ಆಶ್ಮೋಲಿಯನ್ ಮ್ಯೂಸಿಯಂ ಕಟ್ಟಡಕ್ಕೆ ಸಾಗಿಸಿದ್ದರು. ತನಗೆ ಸರಿಯಾಗಿ ಗೆರೆ ಎಳೆಯಲಿಕ್ಕೂ ಬರುತ್ತಿರಲಿಲ್ಲ ಅಂತ ಕಫಿನ್ ಮುಂದೆ ತಾವೇ ಹೇಳಿಕೊಂಡಿದ್ದಾರೆ.

ಅಲ್ಲಿ ಒಂದು ಘಟನೆ ನಡೆಯಿತು. ಗ್ರಂಥಾಲಯದಲ್ಲಿ ಪುಸ್ತಕ ತಿರುವುತ್ತಿದ್ದಾಗ ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಬಿಡಿಸಿದ 'ಪುನರುತ್ಥಾನ'ದ ಮುದ್ರಿತ ಚಿತ್ರ ಕಣ್ಣಿಗೆ ಬಿತ್ತು. 15ನೇ ಶತಮಾನದ ಇಟಲಿಯ ಭಿತ್ತಿಚಿತ್ರ ಅದು. ಯೇಸು ಸಮಾಧಿಯ ಅಂಚಿಗೆ ಒಂದು ಕಾಲಿಟ್ಟು ನಿಂತಿದ್ದಾನೆ. ಕೆಳಗೆ ಕಾವಲು ಸೈನಿಕರು ನಿದ್ದೆಯಲ್ಲಿದ್ದಾರೆ. ಹಿಂದೆ ಒಂದು ಕಡೆ ಬೋಳು ಮರ, ಇನ್ನೊಂದು ಕಡೆ ಚಿಗುರಿದ ಮರ. ಅದನ್ನು ನೋಡುತ್ತ ಕಫಿನ್‌ಗೆ ಕಣ್ಣಲ್ಲಿ ನೀರು ಬಂತು. ಚಿತ್ರ ಅಂದರೆ ಕಂಡದ್ದನ್ನು ಕಂಡ ಹಾಗೆ ಬಿಡಿಸುವುದಷ್ಟೇ ಅಲ್ಲ, ಅದರಲ್ಲಿ ಪ್ರೀತಿ ಮತ್ತು ಮನಸ್ಸಿನ ಭಾವ ಇರಬೇಕು ಅನ್ನುವುದು ಆವತ್ತು ಹೊಳೆಯಿತು ಅಂತ ಅವರು ಹೇಳುತ್ತಿದ್ದರು. ವೈದ್ಯರು ಕೊಟ್ಟಿದ್ದು ಒಂದು ಹವ್ಯಾಸದ ಸಲಹೆ. ಅದು ಬದುಕಾಗಿದ್ದು ಈ ಪುಟದ ಮುಂದೆ ಅಂತ ನನಗೆ ಅನ್ನಿಸುತ್ತದೆ.

1944ರಲ್ಲಿ ಲಂಡನ್ನಿನ ಹೈಗೇಟ್ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರ ಕೆಲಸ ಸಿಕ್ಕಿತು. 1973ರವರೆಗೆ, ಅಂದರೆ 29 ವರ್ಷ, ಅವರು ಅಲ್ಲೇ ಪಾಠ ಮಾಡಿದರು. ಆಂಟನಿ ಗ್ರೀನ್, ಪ್ಯಾಟ್ರಿಕ್ ಪ್ರಾಕ್ಟರ್ ಮುಂತಾದ ಚಿತ್ರಗಾರರು ಅವರ ವಿದ್ಯಾರ್ಥಿಗಳು. ತಿಂಗಳ ಸಂಬಳ, ಶಾಲೆಯ ರಜೆ, ರಜೆಯಲ್ಲಿ ಊರು. ಕಲಾವಿದರ ಬಗ್ಗೆ ಬರೆಯುವವರು ಸಂಬಳದ ವಿಷಯವನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಆದರೆ ಮೂರ್ಛೆ ಇರುವ ಒಬ್ಬ ಒಂಟಿ ಮನುಷ್ಯನಿಗೆ ಯಾರೋ ನಂಬಿ 29 ವರ್ಷ ಕೆಲಸ ಕೊಟ್ಟರು ಅನ್ನುವುದು ಸಣ್ಣ ಮಾತಲ್ಲ. ಅದಿಲ್ಲದಿದ್ದರೆ ಆ ಬೆಟ್ಟಗಳು ಇರುತ್ತಿರಲಿಲ್ಲ. 1948ರಲ್ಲಿ ಲಂಡನ್ನಿನ ಕೊಲ್ನಾಗಿ ಗ್ಯಾಲರಿಯಲ್ಲಿ ಅವರ ಮೊದಲ ಪ್ರದರ್ಶನ ಆಯಿತು.

ಚಾಕು

ಈಗ ಚಿತ್ರದ ಹತ್ತಿರ ಹೋಗೋಣ. 1950ರ ದಶಕದಲ್ಲಿ ರೂಪುಗೊಂಡ ಅವರ ಶೈಲಿಯನ್ನು ಒಂದೇ ಮಾತಿನಲ್ಲಿ ಹೇಳಬಹುದು: ಕುಂಚ ಕಡಿಮೆ, ಚಾಕು ಜಾಸ್ತಿ. ಚಾಕು ಅಂದರೆ ಹರಿತ ಇಲ್ಲದ, ಬಳುಕುವ, ತೆಳು ಉಕ್ಕಿನ ಅಲಗು. ನೋಡಲು ಗಾರೆ ಕೆಲಸದವರ ಕರಣೆಯ ಮರಿ ಇದ್ದ ಹಾಗೆ. ಕೆಲಸವೂ ಹೆಚ್ಚು ಕಡಿಮೆ ಅದೇ. ಬಣ್ಣವನ್ನು ಎತ್ತಿ ಮೆತ್ತುವುದು, ಎಳೆಯುವುದು, ಬೇಡವಾದರೆ ಕೆರೆದು ತೆಗೆಯುವುದು.

ಅವರು ಬೆಟ್ಟದಲ್ಲಿ ಕೂತು ಇಂಕಿನಲ್ಲೋ ಜಲವರ್ಣದಲ್ಲೋ ಬೇಗ ಬೇಗ ಬಿಡಿಸಿಕೊಳ್ಳುತ್ತಿದ್ದರು. ತೈಲವರ್ಣವನ್ನು ಆಮೇಲೆ ಸ್ಟುಡಿಯೊದಲ್ಲಿ ಮಾಡುತ್ತಿದ್ದರು. ಹೈಗೇಟ್ ವರ್ಷಗಳಲ್ಲಿ ಇದರ ಅರ್ಥ ಏನಾಯಿತು ಅಂದರೆ, ವೇಲ್ಸ್‌ನ ಬಂಡೆಗಳು ಎಷ್ಟೋ ಸಲ ಲಂಡನ್ನಿನ ಒಂದು ಕೋಣೆಯಲ್ಲಿ ಕ್ಯಾನ್ವಾಸಿಗೆ ಬಂದವು. ನೋಡಿದ್ದು ಅಲ್ಲಿ, ನೆನೆದದ್ದು ಇಲ್ಲಿ. ನಡುವೆ ಬೇಡದ್ದೆಲ್ಲ ಉದುರಿ ಹೋಗುತ್ತದೆ. ಊರು ಬಿಟ್ಟು ಬಂದವರಿಗೆ ಇದು ಹೊಸದಲ್ಲ, ಅಲ್ವಾ? ಊರಿನಲ್ಲಿ ಇದ್ದಾಗ ಮನೆ ಮುಂದಿನ ಎಲ್ಲ ಕಾಣುತ್ತದೆ. ದೂರದಿಂದ ನೆನೆದರೆ ನಾಲ್ಕೇ ಗೆರೆ ಕಾಣುತ್ತದೆ. ಆ ನಾಲ್ಕೂ ಸರಿಯಾಗಿರುತ್ತವೆ.

ಒಂದು ಮಾದರಿ ಚಿತ್ರವನ್ನು ತಗೊಳ್ಳಿ. ನಾಂಟ್ ಫ್ರಾಂಕನ್ ಕಣಿವೆಯೋ, ಟ್ರವನ್ ಶಿಖರವೋ. ಇವನ್ನು ಅವರು ಮತ್ತೆ ಮತ್ತೆ ಬಿಡಿಸಿದ್ದಾರೆ. ಮೇಲೆ ಒಂದು ಪಟ್ಟಿ ಆಕಾಶ. ನೀಲಿ ಅಲ್ಲ, ಕೊಳೆ ಬಿಳಿ, ಹಾಲಿಗೆ ಬೂದಿ ಬೆರೆಸಿದ ಹಾಗೆ. ಅದರ ಕೆಳಗೆ ಬೆಟ್ಟ, ಕ್ಯಾನ್ವಾಸಿನ ಮುಕ್ಕಾಲು ಭಾಗ. ಕಡು ಬೂದು, ಪಾಚಿ ಹಸಿರು, ಕಂದು, ಕಪ್ಪು. ಇಷ್ಟೇ ಬಣ್ಣ. ಬಂಡೆಯ ಪ್ರತಿ ಮುಖವೂ ಚಾಕುವಿನ ಒಂದು ಎಳೆತ. ಅಲಗು ಎಲ್ಲಿ ನಿಂತಿತೋ ಅಲ್ಲಿ ಬಣ್ಣ ಏಣಾಗಿ ಎದ್ದು ನಿಂತಿದೆ. ಆ ಏಣಿನ ಮೇಲೆ ಕಿಟಕಿಯ ಬೆಳಕು ಬಿದ್ದು ಕೆಳಗೆ ನಿಜವಾದ ನೆರಳು ಬೀಳುತ್ತದೆ. ಬಿಡಿಸಿದ ನೆರಳಲ್ಲ, ಬಣ್ಣದ ದಪ್ಪಕ್ಕೆ ಬಿದ್ದ ನೆರಳು. ಹೊತ್ತು ಸರಿದ ಹಾಗೆ ಅದೂ ಸರಿಯುತ್ತದೆ. ಕುಂಚದಿಂದ ನಯವಾಗಿ ಮಾಡಿದ ಬೆಟ್ಟದಲ್ಲಿ ಇದು ಆಗುವುದಿಲ್ಲ.

ಚಾಕುವಿಗೆ ಒಂದು ಗುಣ ಇದೆ. ಸಣ್ಣ ವಿವರ ಅದಕ್ಕೆ ಬರುವುದಿಲ್ಲ. ಕುರಿಗೆ ಕಣ್ಣು, ಕಿವಿ ಮಾಡಲು ಆಗದು, ಒಂದು ಬಿಳಿ ಮೆತ್ತು ಅಷ್ಟೇ. ರೈತನಿಗೆ ಮುಖ ಇಲ್ಲ. ಒಂದು ಕಪ್ಪು ಕೋಟು, ಒಂದು ಟೋಪಿ, ಕೈಯಲ್ಲಿ ಕೋಲು, ಪಕ್ಕದಲ್ಲಿ ನಾಯಿ. ಆದರೂ ಆ ರೈತ ಬೆಟ್ಟ ಇಳಿಯುತ್ತಿದ್ದಾನೆ, ಮಂಡಿ ನೋಯುತ್ತಿದೆ ಅಂತ ಗೊತ್ತಾಗುತ್ತದೆ. ಬಾಗಿದ ಬೆನ್ನಿನ ಒಂದು ಎಳೆತ ಅಷ್ಟು ಹೇಳುತ್ತದೆ. ಗೇಣಿಯ ಲೆಕ್ಕಕ್ಕೆ ಅಂಥವರ ಬಾಗಿಲಿಗೆ ಹೋಗಿ ಬಂದ ಕಣ್ಣು ಅದು. ಬೆಟ್ಟದ ಚೆಲುವು ನೋಡಲು ಬಂದವರ ಚಿತ್ರಗಳಲ್ಲಿ ಜನ ಅಲಂಕಾರಕ್ಕೆ ಇರುತ್ತಾರೆ. ಇಲ್ಲಿ ಬೆಟ್ಟ ಒಂದು ಕೆಲಸದ ಜಾಗ.

ಇನ್ನು ಗೋಡೆಗಳು. ಚಾಕುವಿನ ಅಂಚಿನಿಂದ ಎಳೆದ ಕಪ್ಪು ಗೆರೆಗಳು. ಗುಡ್ಡದ ಮೈಮೇಲೆ ಹೊಲಿಗೆ ಹಾಕಿದ ಹಾಗೆ ಮೇಲೇರುತ್ತವೆ. ಎರರಿಯ ಎತ್ತರದ ಭಾಗಗಳಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಕಲ್ಲು ಒದ್ದೆಯಾದರೆ ಕಪ್ಪಾಗುತ್ತದೆ ಅನ್ನುವುದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರ ಗೋಡೆಗಳು ಕಪ್ಪಗಿರುವುದು ನಾಟಕಕ್ಕಲ್ಲ. ಅವು ಒದ್ದೆಯಾಗಿವೆ.

ದಪ್ಪ ಬಣ್ಣದ ಬಗ್ಗೆ ಒಂದು ಮಾತು. ತೈಲವರ್ಣಕ್ಕೆ ಹಾಕುವುದು ಹೆಚ್ಚಾಗಿ ಅಗಸೆ ಎಣ್ಣೆ. ಉತ್ತರ ಕರ್ನಾಟಕದಲ್ಲಿ ರೊಟ್ಟಿ ಜೊತೆ ಅಗಸಿ ಚಟ್ನಿ ತಿನ್ನುತ್ತಾರಲ್ಲ, ಅದೇ ಅಗಸೆ. ಈ ಎಣ್ಣೆ ನೀರಿನ ಹಾಗೆ ಆರಿ ಹೋಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ತೆಳು ಪದರ ಕೆಲವು ದಿನದಲ್ಲಿ ಮುಟ್ಟುವ ಹಾಗೆ ಆಗುತ್ತದೆ. ದಪ್ಪ ಮೆತ್ತಿದರೆ ಮೇಲೆ ತೊಗಲು ಕಟ್ಟುತ್ತದೆ, ಒಳಗೆ ವರ್ಷಗಟ್ಟಲೆ ಮೆತ್ತಗೇ ಇರುತ್ತದೆ. ಹಾಗಾಗಿ ಇಂಥ ಚಿತ್ರದಲ್ಲಿ ತಿದ್ದುವುದಕ್ಕೆ ಸಮಯ ಕಡಿಮೆ. ಹಸಿ ಇರುವಾಗಲೇ ಒಂದೇ ಓಟದಲ್ಲಿ ಮುಗಿಸಬೇಕು. ಕಫಿನ್ ಹಾಗೇ ಮಾಡುತ್ತಿದ್ದರು. ಆ ಚಿತ್ರಗಳಲ್ಲಿ ಕಾಣುವ ಆತುರವನ್ನು ಮೂರ್ಛೆಯ ಜೊತೆ ತಳುಕು ಹಾಕುವವರಿದ್ದಾರೆ. ನನಗೆ ಅದು ಮೊದಲು ಹಸಿ ಬಣ್ಣದ ಆತುರ ಅನ್ನಿಸುತ್ತದೆ.

ಒಂದೇ ಬೆಟ್ಟ ಎಷ್ಟು ಸಲ?

ಅವರ ಮೇಲಿನ ದೂರು ಇದು: ಮಾಡಿದ್ದನ್ನೇ ಮಾಡಿದರು. ಅದರಲ್ಲಿ ಸ್ವಲ್ಪ ನಿಜ ಇದೆ. ಕೊನೆಯ ದಶಕಗಳಲ್ಲಿ ಬೇಡಿಕೆ ವಿಪರೀತ ಆಯಿತು. ಕೆಲವು ಚಿತ್ರಗಳಲ್ಲಿ ಕೈಗೆ ಅಭ್ಯಾಸವಾದ ಎಳೆತ ಕಾಣುತ್ತದೆ, ಕಣ್ಣು ಕಾಣುವುದಿಲ್ಲ. ನನಗೆ 1950 ಮತ್ತು 60ರ ದಶಕದವು ಹೆಚ್ಚು ಗಟ್ಟಿ ಅನ್ನಿಸುತ್ತವೆ.

ಆದರೆ ಒಂದೇ ಜಾಗಕ್ಕೆ ಮತ್ತೆ ಹೋಗುವುದೇ ತಪ್ಪು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅದೇ ಬೆಟ್ಟಸಾಲಿನಲ್ಲಿ ಕುಮ್ ಇದ್ವಲ್ ಅನ್ನುವ ಕಣಿವೆ ಇದೆ. 1831ರಲ್ಲಿ ಚಾರ್ಲ್ಸ್ ಡಾರ್ವಿನ್ ಅಲ್ಲಿಗೆ ಭೂವಿಜ್ಞಾನಿ ಸೆಜ್ವಿಕ್ ಜೊತೆ ಹೋಗಿದ್ದ. ಬಂಡೆಗಳಲ್ಲಿ ಪಳೆಯುಳಿಕೆ ಹುಡುಕಿದ್ದೇ ಹುಡುಕಿದ್ದು. ಹಿಮನದಿ ಉಜ್ಜಿದ ಗೀರುಗಳು, ಅದು ಬಿಟ್ಟುಹೋದ ದೊಡ್ಡ ಬಂಡೆಗಳು ಕಣ್ಣೆದುರೇ ಇದ್ದವು. ಇಬ್ಬರಿಗೂ ಕಾಣಲಿಲ್ಲ. 1842ರಲ್ಲಿ ಮತ್ತೆ ಹೋದಾಗ ಎಲ್ಲ ಸ್ಪಷ್ಟವಾಗಿ ಕಂಡಿತು. ಡಾರ್ವಿನ್‌ಗೇ ಎರಡನೇ ಸಲ ಬೇಕಾಯಿತು. ಕಫಿನ್ ಆ ಬೆಟ್ಟಗಳಿಗೆ ಜೀವಮಾನ ಪೂರ್ತಿ ಹೋದರು.

ಒಂದು ಸಲ ಅವರು ಬೇರೆ ಕಡೆ ಹೋಗಿದ್ದೂ ಉಂಟು. 1968ರಲ್ಲಿ ಚರ್ಚಿಲ್ ಫೆಲೋಶಿಪ್ ಪಡೆದು ಅರ್ಜೆಂಟೀನಾದ ಪ್ಯಾಟಗೋನಿಯಾಕ್ಕೆ ಹೋದರು. 1865ರಲ್ಲಿ ಹಡಗು ಹತ್ತಿ ಅಲ್ಲಿ ನೆಲೆಸಿದ ವೆಲ್ಶ್ ಜನರ ವಂಶದವರನ್ನು, ಅವರ ನೆಲವನ್ನು ಬಿಡಿಸಲು. ಅಲ್ಲಿನ ಬೆಳಕಿಗೆ ಅವರ ಬಣ್ಣ ಒಮ್ಮೆಲೇ ತಿಳಿಯಾಯಿತು. ಕಿತ್ತಳೆ, ಗುಲಾಬಿ, ನೀಲಿ ಎಲ್ಲ ಬಂದವು. ಅಂದರೆ ಕಪ್ಪು ಬಣ್ಣ ಅವರ ಮನಸ್ಸಿನ ರೋಗಲಕ್ಷಣ ಆಗಿರಲಿಲ್ಲ. ಮಳೆ ಬರುವ ಕಡೆ ಮಳೆ, ಬಿಸಿಲಿನ ಕಡೆ ಬಿಸಿಲು. ಕಾಯಿಲೆಯೇ ಕಲೆ ಅನ್ನುವ ವಾದಕ್ಕೆ ನನಗೆ ಸಿಕ್ಕ ಅತಿ ಗಟ್ಟಿಯಾದ ಉತ್ತರ ಇದು.

ಹಾಗಂತ ಕಾಯಿಲೆ ಏನೂ ಮಾಡಲಿಲ್ಲ ಅಂತಲೂ ಅಲ್ಲ. ಅವರು ಕೊನೆಯವರೆಗೂ ಮದುವೆಯಾಗಲಿಲ್ಲ. ಆ ಕಾಲದ ಕಾನೂನು ನೋಡಿದರೆ ಎದೆ ಭಾರವಾಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1937ರ ಕಾಯ್ದೆಯ ಪ್ರಕಾರ, ಮದುವೆಯ ಹೊತ್ತಿಗೆ ಒಬ್ಬರಿಗೆ ಪದೇ ಪದೇ ಮೂರ್ಛೆ ಬರುತ್ತಿದ್ದರೆ ಆ ಮದುವೆಯನ್ನು ರದ್ದು ಮಾಡಿಸಬಹುದಿತ್ತು. ಆ ಮಾತು ಅಲ್ಲಿನ ಕಾನೂನಿನಿಂದ ಹೋಗಿದ್ದು 1970ರ ಆಸುಪಾಸಿನಲ್ಲಿ. ನಮ್ಮಲ್ಲಿ 1955ರ ಹಿಂದೂ ವಿವಾಹ ಕಾಯ್ದೆಯಲ್ಲೂ ಹುಚ್ಚಿನ ಪಕ್ಕದಲ್ಲೇ ಮೂರ್ಛೆ ರೋಗದ ಹೆಸರು ಕೂತಿತ್ತು. ಅದನ್ನು ತೆಗೆದಿದ್ದು 1999ರಲ್ಲಿ. ಅದೇ 1999ರಲ್ಲಿ ಕಫಿನ್‌ಗೆ ಬ್ರಿಟನ್ನಿನಲ್ಲಿ 'ಸರ್' ಪದವಿ ಸಿಕ್ಕಿತು. ನಮ್ಮ ಮಾವ ಅಷ್ಟರಲ್ಲಿ ತೀರಿಕೊಂಡಿದ್ದ.

ನಿವೃತ್ತಿಯ ನಂತರ ಕಫಿನ್ ಆಂಗಲ್‌ಸಿಗೆ ವಾಪಸ್ ಬಂದರು. 1974ರಿಂದ ಮೆನಾಯ್ ದಡದ ಪುಲ್ವಾನೊಗಲ್ ಅನ್ನುವ ಜಾಗದಲ್ಲಿ ವಾಸ. ಅಲೆ ಮನೆಯ ಹತ್ತಿರಕ್ಕೇ ಬರುತ್ತದೆ, ನೀರಿನ ಆಚೆ ಬೆಟ್ಟಸಾಲು. ಅದೇ ವರ್ಷ ಲಂಡನ್ನಿನ ಹೆಸರಾಂತ ಕಲಾಸಂಸ್ಥೆ ರಾಯಲ್ ಅಕಾಡೆಮಿಯ ಪೂರ್ಣ ಸದಸ್ಯರಾದರು. 2006ರ ಸೆಪ್ಟೆಂಬರ್ 1ರಂದು, 88ನೇ ವಯಸ್ಸಿನಲ್ಲಿ ತೀರಿಕೊಂಡರು. ನೂರಾರು ಚಿತ್ರಗಳು ಆಬರಿಸ್ಟ್‌ವಿತ್‌ನಲ್ಲಿರುವ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯಕ್ಕೆ ಸೇರಿದವು. ಹುಟ್ಟಿದ ಲಾಂಗೆವ್ನಿಯಲ್ಲಿ 2008ರಲ್ಲಿ ಅವರ ಹೆಸರಿನ ಗ್ಯಾಲರಿ ತೆರೆಯಿತು.

ಎಲ್ಲಾದರೂ ಅವರ ಚಿತ್ರ ಸಿಕ್ಕರೆ ಎದುರಿಗೆ ಮಾತ್ರ ನಿಲ್ಲಬೇಡಿ. ಪಕ್ಕಕ್ಕೆ ಸರಿದು, ಗೋಡೆಗೆ ಕೆನ್ನೆ ಹಚ್ಚಿದ ಹಾಗೆ ನಿಂತು ನೋಡಿ. ಬೆಟ್ಟ ಮಾಯವಾಗುತ್ತದೆ. ಒಣಗಿದ ಬಣ್ಣದ ಕಲ್ಲುಮುಳ್ಳು ಉಳಿಯುತ್ತದೆ. ಆಮೇಲೆ ಒಂದೊಂದೇ ಹೆಜ್ಜೆ ಎದುರಿಗೆ ಬನ್ನಿ. ಯಾವ ಹೆಜ್ಜೆಗೆ ಅದು ಮತ್ತೆ ಬೆಟ್ಟವಾಯಿತು ಅಂತ ಗಮನಿಸಿ. ಕಪ್ಪು ಗೆರೆಯ ಗೋಡೆ ಮಾತ್ರ ಪಕ್ಕದಿಂದ ನೋಡಿದರೂ ಗೋಡೆಯೇ. ಅಷ್ಟು ದಪ್ಪ ಇರುತ್ತದೆ.

ನಮ್ಮ ಮಾವನೂ ಗೋಡೆ ಕಟ್ಟುತ್ತಿದ್ದ. ಯಾರೂ ಹೇಳಿಕೊಟ್ಟಿದ್ದಲ್ಲ. ಮನೆಯವರೆಲ್ಲ ಮಧ್ಯಾಹ್ನ ಮಲಗಿದಾಗ ತೋಟದ ಕೆಳಗಿನ ಮೂಲೆಗೆ ಹೋಗಿ ಸುಮ್ನೆ ಕಲ್ಲು ಜೋಡಿಸುತ್ತಿದ್ದ. ಏಳೆಂಟು ಮಾರು ಉದ್ದದ ಪಾಗಾರ ಅದು, ಈಗಲೂ ಇದೆ. ಸಿಮೆಂಟಿಲ್ಲ, ಗಾರೆ ಇಲ್ಲ. ಜೂನ್ ತಿಂಗಳಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಡೆದರೆ ಪೂರ್ತಿ ಕಪ್ಪಾಗುತ್ತದೆ.